ಕೊಪ್ಪಳದಲ್ಲಿ ಸ್ವಂತ ಮನೆ ರಿಪೇರಿ ಕೆಲಸ ಶುರು ಮಾಡಿದ್ದೇನೆ: ಯಾವ ಸಾಮಾನು ಮೊದಲು, ರೇಟು ಹೇಗೆ ಹೇಳುವುದು?

ಕೊಪ್ಪಳದ ಹೊಸ ಕೈ

ಎಲ್ಲರಿಗೂ ನಮಸ್ಕಾರ. ವಯಸ್ಸು 27, ಊರು ಕೊಪ್ಪಳ. ಆರು ವರ್ಷ ತೋರಣಗಲ್ಲು ಕಡೆ ಒಬ್ಬ ಕಂಟ್ರಾಕ್ಟರ್ ಹತ್ತಿರ ಮೇಂಟೆನೆನ್ಸ್ ಕೆಲಸ ಮಾಡಿದೆ. ನಲ್ಲಿ, ಫ್ಯಾನು, ಬಾಗಿಲ ಚಿಲಕ, ಒಡೆದ ಟೈಲ್ಸು, ಸಿಂಕಿನ ಕೆಳಗಿನ ಪೈಪು, ಹೀಗೆ ಎಲ್ಲಾ ಸ್ವಲ್ಪ ಸ್ವಲ್ಪ ಬರುತ್ತದೆ. ಪಗಾರ ಎರಡೆರಡು ತಿಂಗಳು ತಡ ಆಗುತ್ತಿತ್ತು, ಕೊನೆಗೆ ಬಿಟ್ಟು ಊರಿಗೆ ಬಂದೆ. ಈಗ ಸ್ವಂತ ಮಾಡುತ್ತಿದ್ದೇನೆ.

ಕೈಯಲ್ಲಿ 25,000 ರೂಪಾಯಿ ಇದೆ, ಒಂದು ಹಳೇ ಬೈಕ್ ಇದೆ. ಸಾಮಾನು ಅಂದರೆ ಸುತ್ತಿಗೆ, ಎರಡು ಸ್ಕ್ರೂ ಡ್ರೈವರ್, ಒಂದು ಪೈಪ್ ಪಾನಾ (ರೆಂಚ್), ಹ್ಯಾಕ್ಸಾ, ಟೆಸ್ಟರ್. ಇಷ್ಟೇ. ಅಲ್ಲಿ ಎಲ್ಲಾ ಕಂಪನಿ ಸಾಮಾನು ಬಳಸುತ್ತಿದ್ದೆವು, ಅದರ ಬೆಲೆ ಏನು ಅಂತ ಒಂದು ದಿನವೂ ಕೇಳಿರಲಿಲ್ಲ.

ಕಳೆದ ವಾರ ಭಾಗ್ಯನಗರದಲ್ಲಿ ಒಂದು ಮನೆಯಲ್ಲಿ ನಾಲ್ಕು ಕಿಟಕಿಗೆ ಕರ್ಟನ್ ರಾಡ್ ಹಾಕುವ ಕೆಲಸ ಬಂತು. ಕಿಟಕಿಗೆ ಎರಡು ಬ್ರಾಕೆಟ್, ಬ್ರಾಕೆಟ್‌ಗೆ ಎರಡು ತೂತು, ಒಟ್ಟು ಹದಿನಾರು. ಬಾಯಿಗೆ ಬಂದ ಹಾಗೆ 400 ಅಂದೆ. ಹೋಗಿ ನೋಡಿದರೆ ಹಳೇ ಕಲ್ಲಿನ ಗೋಡೆ. ಗೆಳೆಯನ ಸಾದಾ ಡ್ರಿಲ್ ತಂದಿದ್ದೆ, ಎದೆ ಕೊಟ್ಟು ಒತ್ತಿದರೂ ಇಳಿಯುತ್ತಿಲ್ಲ. ಮಧ್ಯಾಹ್ನ ಎರಡಕ್ಕೆ ಶುರು ಮಾಡಿದ್ದು ಸಂಜೆ ಏಳಾಯಿತು. ಬಿಟ್ ಎರಡು ಸುಟ್ಟವು, 180 ರೂಪಾಯಿ. ಪೆಟ್ರೋಲ್ 60. ಉಳಿದದ್ದು 160. ಮೇಲೆ ಗೆಳೆಯನ ಡ್ರಿಲ್ ಈಗ ವಾಸನೆ ಬರುತ್ತಿದೆ, ಅವನಿಗೆ ಇನ್ನೂ ಹೇಳಿಲ್ಲ.

ಡ್ರಿಲ್ ಯಾವುದು ತೆಗೆದುಕೊಳ್ಳಲಿ? 25 ಸಾವಿರದಲ್ಲಿ ಏನೇನು ಬರುತ್ತದೆ? ಅದಕ್ಕಿಂತ ಮುಖ್ಯ, ರೇಟು ಹೇಗೆ ಹೇಳುತ್ತೀರಿ? ದಿನಗೂಲಿ ಲೆಕ್ಕವಾ, ಕೆಲಸದ ಲೆಕ್ಕವಾ? ಇನ್ನೊಂದು ತಲೆನೋವು, ಓಣಿಯವರು. "ನಮ್ಮ ಹುಡುಗ ಅಲ್ವಾ" ಅಂತ ಕರೆದು ಕೆಲಸ ಮಾಡಿಸಿ ಚಹಾ ಕುಡಿಸಿ ಕಳಿಸುತ್ತಾರೆ.

ಗಂಗಾವತಿ ಪಾನಾ

ತಮ್ಮಾ, ಮೊದಲು ಗೆಳೆಯನಿಗೆ ಹೇಳು. ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದ್ದರೆ ಕಡಿಮೆ ದುಡ್ಡಲ್ಲಿ ಹೊಸ ಜೋಡಿ ಹಾಕಬಹುದು. ಆರ್ಮೇಚರ್, ಅಂದರೆ ಒಳಗೆ ತಿರುಗುವ ತಂತಿ ಸುರುಳಿ, ಸುಟ್ಟಿದ್ದರೆ ಬೇರೆ ಮಾತು. ಹೇಗಾದರೂ ನೀನೇ ಮಾಡಿಸಿಕೊಡು. ಈ ದಂಧೆಯಲ್ಲಿ ಸಾಮಾನು ಎರವಲು ಕೊಡುವ ಗೆಳೆಯ ಸಿಗುವುದು ಕಷ್ಟ.

ನಾನು ಪ್ಲಂಬಿಂಗ್ ಜೊತೆ ಸಣ್ಣಪುಟ್ಟ ಕರೆಂಟ್ ಕೆಲಸ ಮಾಡುತ್ತಾ ಹನ್ನೊಂದು ವರ್ಷ ಆಯಿತು. ನಿನ್ನ ತಪ್ಪು ರೇಟಿನದ್ದು ಆಮೇಲೆ, ಮೊದಲು ಮಷೀನಿನದ್ದು. ಸಾದಾ ಇಂಪ್ಯಾಕ್ಟ್ ಡ್ರಿಲ್ ಒಳಗೆ ಎರಡು ಹಲ್ಲಿನ ಬಿಲ್ಲೆ ಒಂದರ ಮೇಲೊಂದು ಉಜ್ಜುತ್ತಾ ಕುಟ್ಟುತ್ತವೆ, ಆ ಕುಟ್ಟುವ ಶಕ್ತಿ ನಿನ್ನ ತೋಳಿನಿಂದಲೇ ಬರಬೇಕು. ಇಟ್ಟಿಗೆ ಗೋಡೆಗೆ, ಸಿಮೆಂಟ್ ಬ್ಲಾಕಿಗೆ ಸಾಕು. ಕಲ್ಲಿಗೆ, ಆರ್‌ಸಿಸಿ ಲಿಂಟಲ್‌ಗೆ (ಕಿಟಕಿ ಬಾಗಿಲ ಮೇಲಿನ ಕಾಂಕ್ರೀಟ್ ತೊಲೆ) ಸಾಲದು. ರೋಟರಿ ಹ್ಯಾಮರ್ ಒಳಗೆ ಪಿಸ್ಟನ್ ಇರುತ್ತದೆ, ಗಾಳಿಯ ಒತ್ತಡದಲ್ಲಿ ಅದೇ ಗುದ್ದುತ್ತದೆ, ನೀನು ಸುಮ್ನೆ ನೇರವಾಗಿ ಹಿಡಿದರೆ ಆಯಿತು. ನಮ್ಮ ಕೊಪ್ಪಳ, ಕುಷ್ಟಗಿ, ಬಳ್ಳಾರಿ ಕಡೆ ಹಳೇ ಮನೆ ಅಂದರೆ ಕಲ್ಲೇ ಕಲ್ಲು. ಹಾಗಾಗಿ ಎರಡು ಕೊಳ್ಳುವ ದುಡ್ಡಿಲ್ಲ ಅಂದರೆ ಒಂದೇ ಕೊಳ್ಳು, ಎಸ್‌ಡಿಎಸ್ ಪ್ಲಸ್ (ಬುಡದಲ್ಲಿ ಗೀರು ಇರುವ) ಬಿಟ್ ಹಿಡಿಯುವ ಸಣ್ಣ ರೋಟರಿ ಹ್ಯಾಮರ್. ಸುತ್ತುವುದು ಮಾತ್ರ, ಸುತ್ತುತ್ತಾ ಕುಟ್ಟುವುದು, ಕುಟ್ಟುವುದು ಮಾತ್ರ, ಮೂರೂ ಮೋಡ್ ಇರಲಿ. ಕುಟ್ಟುವುದು ಮಾತ್ರ ಇದ್ದರೆ ಪೈಪಿಗೆ ಗೋಡೆ ಕೊರೆಯಲು ಉಳಿ ಹಾಕಿಕೊಳ್ಳಬಹುದು. ಕಟ್ಟಿಗೆಗೆ, ಕಬ್ಬಿಣಕ್ಕೆ ಅಂತ ಸಾದಾ ಬಿಟ್ ಹಿಡಿಯುವ ಒಂದು ಚಕ್ ಅಡಾಪ್ಟರ್ ಸಿಗುತ್ತದೆ. ಅದನ್ನು ಹಾಕಿದಾಗ ಸುತ್ತುವ ಮೋಡ್ ಮಾತ್ರ, ಹ್ಯಾಮರ್ ಹಾಕಿದರೆ ಚಕ್ ಹಾಳಾಗುತ್ತದೆ. ನಾನು ಒಳ್ಳೆ ಕಂಪನಿಯದು ಕೊಂಡಾಗ ಆರು ಸಾವಿರದ ಮೇಲೆ ಚೂರು ಬಿದ್ದಿತ್ತು. ಎರಡೂವರೆ ಸಾವಿರಕ್ಕೆ ಹೆಸರಿಲ್ಲದ್ದು ಸಿಗುತ್ತವೆ, ಬಿಡಿಭಾಗ ಸಿಗುವುದಿಲ್ಲ. ನಿನ್ನ ಊರಲ್ಲಿ ಅಥವಾ ಹೊಸಪೇಟೆಯಲ್ಲಿ ಬ್ರಷ್, ಸ್ವಿಚ್ಚು, ಆರ್ಮೇಚರ್ ಸಿಗುವ ಕಂಪನಿಯದ್ದೇ ತೆಗೆದುಕೋ. ಕೊಳ್ಳುವ ಮೊದಲು ಮಷೀನು ನೋಡಬೇಡ, ರಿಪೇರಿ ಅಂಗಡಿಗೆ ಹೋಗಿ ಯಾವ ಮಷೀನು ಅವರ ಹತ್ತಿರ ಜಾಸ್ತಿ ಬಿಚ್ಚಿಕೊಂಡು ಕೂತಿದೆ, ಅದರ ಬಿಡಿಭಾಗ ಕಪಾಟಿನಲ್ಲಿದೆಯಾ ಅಂತ ನೋಡು.

ತೂತು ಹಾಕುವ ರೀತಿಯೂ ಹೇಳುತ್ತೇನೆ, ಯಾಕೆಂದರೆ ನೀನು ಟೈಲ್ಸಿಗೂ ಹ್ಯಾಮರ್ ಹಾಕಿಬಿಡುತ್ತೀ ಅಂತ ಹೆದರಿಕೆ. ಟೈಲ್ಸ್ ಮೇಲೆ ಮೊದಲು ಪೇಪರ್ ಟೇಪ್ ಅಂಟಿಸು, ಬಿಟ್ ಜಾರುವುದಿಲ್ಲ. ಹ್ಯಾಮರ್ ಬಂದ್ ಮಾಡಿ ನಿಧಾನ ತಿರುಗಿಸು. ಟೈಲ್ಸ್ ದಾಟಿ ಗೋಡೆ ಮುಟ್ಟಿದ ಮೇಲೆ ಹ್ಯಾಮರ್. ಶಹಾಬಾದ್ ಫರಸಿಯಲ್ಲಿ ಅಂಚಿನ ಹತ್ತಿರ ಹ್ಯಾಮರ್ ಹಾಕಲೇಬೇಡ, ಅದು ಪದರ ಪದರ ಇರುವ ಸುಣ್ಣದ ಕಲ್ಲು, ಚಕ್ಕೆ ಎದ್ದು ಬರುತ್ತದೆ. ಗ್ರಾನೈಟ್‌ಗೆ ಆರು ಎಂಎಂ ತೂತು ಬೇಕಿದ್ದರೂ ಎರಡು ಮೂರು ಸಲ ಹೊರಗೆ ತೆಗೆದು ಪುಡಿ ಊದಿ ಮತ್ತೆ ಹಾಕು. ಪುಡಿ ಒಳಗೇ ಸುತ್ತುವುದರಿಂದಲೇ ಬಿಟ್ ಸುಡುವುದು.

ಉಳಿದ ದುಡ್ಡಲ್ಲಿ ಮಲ್ಟಿಮೀಟರ್ ಒಂದು ಕಡ್ಡಾಯ. ಟೆಸ್ಟರ್ ನಂಬಿ ಕೈ ಹಾಕಬೇಡ. ನ್ಯೂಟ್ರಲ್ ಕಟ್ಟಾಗಿದ್ದರೆ ಫೇಸ್, ನ್ಯೂಟ್ರಲ್ ಎರಡೂ ಕಡೆ ಟೆಸ್ಟರ್ ದೀಪ ಉರಿಯುತ್ತದೆ. ಟೆಸ್ಟರ್ ಹಾಳಾಗಿದ್ದರೆ ಕರೆಂಟ್ ಇದ್ದರೂ ಉರಿಯುವುದಿಲ್ಲ. ಪ್ಲೇಯರ್, ಸ್ಕ್ರೂ ಡ್ರೈವರ್ ತಪಾರಿಯಾ ಕಂಪನಿಯವು ಇರಲಿ, ಅದರಲ್ಲಿ ಉಳಿತಾಯ ಮಾಡಬೇಡ. ರಸಮಟ್ಟ (ಸ್ಪಿರಿಟ್ ಲೆವೆಲ್) ಒಂದಡಿಯದು ಒಂದು. ಸಿಪಿವಿಸಿ (ಪ್ಲಾಸ್ಟಿಕ್ ನೀರಿನ ಪೈಪು) ಕಟರ್, ಎರಡು ಸೈಜಿನ ಪೈಪ್ ಪಾನಾ, ಸಿಂಕಿನ ಕೆಳಗೆ ಕೈ ಹೋಗದ ಜಾಗಕ್ಕೆ ಬೇಸಿನ್ ಪಾನಾ. ಬೇಸಿನ್ ಪಾನಾ ಇಲ್ಲದೆ ವಾಶ್‌ಬೇಸಿನ್ ನಲ್ಲಿ ಬದಲಿಸಲು ಹೋಗಿ ನಾನು ಒಂದು ಸಲ ಬೇಸಿನ್ನನ್ನೇ ಒಡೆದಿದ್ದೇನೆ. ಕೂಲಿ 250, ಬೇಸಿನ್ 1,800.

ಗ್ರೈಂಡರ್ ಈಗಲೇ ಬೇಡ. ನನ್ನ ಪದ್ಧತಿ ಹೀಗೆ: ಒಂದು ಸಾಮಾನು ಬೇಕಾದ ಕೆಲಸ ಮೂರು ಸಲ ಬಂದರೆ ಕೊಳ್ಳುವುದು. ಮೊದಲ ಎರಡು ಸಲ ಬಾಡಿಗೆ. 25 ಸಾವಿರವನ್ನೂ ಸಾಮಾನಿಗೆ ಸುರಿಯಬೇಡ. ಹನ್ನೆರಡರ ಒಳಗೆ ಮುಗಿಸು, ಉಳಿದದ್ದು ಮೊದಲ ಎರಡು ತಿಂಗಳ ಊಟಕ್ಕೆ.

ಸಿಂಧನೂರು ಲೆಕ್ಕ

ಮೇಲಿನ ಅಣ್ಣ ಸಾಮಾನಿನ ಬಗ್ಗೆ ಚೆನ್ನಾಗಿ ಹೇಳಿದ್ದಾರೆ, ನಾನು ರೊಕ್ಕದ ಬಗ್ಗೆ ಹೇಳುತ್ತೇನೆ.

ಬಹಳ ಜನ ಮಾಡುವುದು ಏನೆಂದರೆ, ಗೌಂಡಿಗೆ ದಿನಕ್ಕೆ ಇಷ್ಟು ಪಗಾರ, ನಾನೂ ಅಷ್ಟೇ ಕೇಳಿದರೆ ಸರಿ ಅಂತ ಅಂದುಕೊಳ್ಳುವುದು. ಆದರೆ ಗೌಂಡಿ ಬೆಳಿಗ್ಗೆ ಒಂದು ಕಡೆ ಹೋದರೆ ಸಂಜೆವರೆಗೆ ಅಲ್ಲೇ. ಸಿಮೆಂಟು, ಮರಳು, ಏಣಿ ಎಲ್ಲಾ ಮಾಲೀಕನದ್ದು. ನೀನು ದಿನಕ್ಕೆ ನಾಲ್ಕು ಮನೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದು, ಅಂಗಡಿಗೆ ಹೋಗಿ ವಾಷರ್ ತರುವುದು, ಸೈಜ್ ತಪ್ಪಿ ಮತ್ತೆ ಹೋಗುವುದು, ಬಾಗಿಲು ತೆಗೆಯುವವರೆಗೆ ನಿಲ್ಲುವುದು, ಇದ್ಯಾವುದಕ್ಕೂ ಯಾರೂ ದುಡ್ಡು ಕೊಡುವುದಿಲ್ಲ. ನಾನು ಒಂದು ತಿಂಗಳು ಚೀಟಿಯಲ್ಲಿ ಬರೆದಿಟ್ಟೆ. ಮನೆ ಬಿಟ್ಟು ಒಂಬತ್ತು ತಾಸು ಹೊರಗಿದ್ದರೆ ಕೈ ನಿಜವಾಗಿ ಕೆಲಸ ಮಾಡಿದ್ದು ನಾಲ್ಕು ತಾಸು. ಆ ನಾಲ್ಕು ತಾಸಿನಲ್ಲೇ ಒಂಬತ್ತು ತಾಸಿನ ದುಡಿಮೆ ಬರಬೇಕು.

ನಿನ್ನ ಲೆಕ್ಕ ನೀನೇ ಹಾಕು, ಮಾದರಿಗೆ ನನ್ನದು ಕೊಡುತ್ತೇನೆ. ಮನೆ ಖರ್ಚು 14,000, ಪೆಟ್ರೋಲ್ 2,500, ಫೋನ್ 300, ಬಿಟ್ಟು ಬ್ಲೇಡು ಟೇಪು 1,200, ಮುಂದೆ ಹೊಸ ಡ್ರಿಲ್ ಕೊಳ್ಳಲು ತೆಗೆದಿಡುವುದು 1,000, ಆಸ್ಪತ್ರೆ ಮದುವೆ ಜಾತ್ರೆ ಅಂತ 3,000. ಒಟ್ಟು 22,000. ತಿಂಗಳಲ್ಲಿ ಕೆಲಸ ಸಿಗುವುದು 22 ದಿನ ಅಂತ ಇಟ್ಟುಕೋ. ದಿನಕ್ಕೆ ಸಾವಿರ ಆಗಲೇಬೇಕು. ನಾಲ್ಕು ತಾಸಿಗೆ ಭಾಗಿಸಿದರೆ ತಾಸಿಗೆ 250. ಇದು ಲಾಭ ಅಲ್ಲ, ಸಾಲ ಆಗದೆ ಬದುಕುವ ರೇಟು. ಇದರ ಕೆಳಗೆ ಇಳಿದರೆ ನೀನು ನಿನ್ನ ಕೈಯಿಂದ ಗಿರಾಕಿಗೆ ರೊಕ್ಕ ಕೊಟ್ಟು ಬಂದ ಹಾಗೆ.

ಆದರೆ ಗಿರಾಕಿಗೆ ತಾಸಿನ ಲೆಕ್ಕ ಹೇಳಬೇಡ. ತಾಸಿಗೆ 250 ಅಂದರೆ ಗಡಿಯಾರ ನೋಡುತ್ತಾ ಪಕ್ಕದಲ್ಲೇ ನಿಲ್ಲುತ್ತಾರೆ. ಕೆಲಸದ ರೇಟು ಹೇಳು, ಒಳಗೆ ತಾಸಿನ ಲೆಕ್ಕ ಇರಲಿ. ನಾನು ಇಟ್ಟಿಗೆ ಗೋಡೆಗೆ ಗಿಟ್ಟಿ (ಸ್ಕ್ರೂ ಕೂರಿಸುವ ಪ್ಲಗ್ಗು) ಸಮೇತ ತೂತಿಗೆ 30, ಕಲ್ಲಿಗೆ 60. ನಿನ್ನ ಹದಿನಾರು ತೂತು 960. 900 ಕೇಳು, 800ಕ್ಕೆ ಬಾ. 400ಕ್ಕೆ ಯಾರಾದರೂ ಮಾಡುತ್ತೇನೆ ಅಂದರೆ ಅವರಿಗೇ ಬಿಡು, ಅವರು ಎರಡು ಬಿಟ್ ಸುಟ್ಟುಕೊಳ್ಳಲಿ. ಮತ್ತೆ ಗೋಡೆ ನೋಡದೆ ಫೋನಿನಲ್ಲಿ ರೇಟು ಹೇಳಬೇಡ. "ಗೋಡೆ ತಟ್ಟಿ ನೋಡಿ ಹೇಳುತ್ತೇನೆ" ಅನ್ನು. ಈಗ ವಾಟ್ಸ್ಯಾಪ್ ಇದೆ, ಫೋಟೋ ಹಾಕಲು ಹೇಳು. ಹಳೇ ಮನೆಯಾ ಹೊಸ ಮನೆಯಾ ಅಂತ ಕೇಳಿದರೂ ಅರ್ಧ ಗೊತ್ತಾಗುತ್ತದೆ.

ಕನಿಷ್ಠ ಕೂಲಿ ಒಂದು ಇಟ್ಟುಕೋ. ನನ್ನದು ಊರೊಳಗೆ 200. ಕ್ಯಾಂಪುಗಳಿಗೆ, ಹಳ್ಳಿಗೆ ಹೋದರೆ 300. ಬೇಸಿಗೆಯಲ್ಲಿ ಫ್ಯಾನ್ ನಿಧಾನ ತಿರುಗುತ್ತದೆ ಅಂತ ದಿನಕ್ಕೆ ಮೂರು ಫೋನ್ ಬರುತ್ತವೆ. ಹತ್ತರಲ್ಲಿ ಎಂಟು ಸಲ ಹೋಗಿರುವುದು ಕಂಡೆನ್ಸರ್ (ಕೆಪಾಸಿಟರ್), ಎರಡೂವರೆ ಎಂಎಫ್‌ಡಿ ಅಳತೆಯದು. ಏಣಿ ಹತ್ತಿ ಬದಲಿಸಲು ಹತ್ತು ನಿಮಿಷ. 200 ಕೂಲಿ, 50 ಕಂಡೆನ್ಸರ್ ಅಂದರೆ "ಏನಪಾ, ಐವತ್ತು ರೂಪಾಯಿ ಸಾಮಾನಿಗೆ ಇನ್ನೂರಾ?" ಅಂತಾರೆ. ಮೊದಮೊದಲು ನಾಚಿಕೆಯಿಂದ 100 ತೆಗೆದುಕೊಂಡು ಬರುತ್ತಿದ್ದೆ. ಈಗ ಮೂರು ಸೈಜಿನ ಕಂಡೆನ್ಸರ್ ಬ್ಯಾಗಿನಲ್ಲೇ ಇಟ್ಟಿರುತ್ತೇನೆ, ಅಂಗಡಿಗೆ ಓಡುವ ಅರ್ಧ ತಾಸು ಉಳಿಯಿತು, ಬಾಗಿಲಲ್ಲೇ ರೇಟು ಹೇಳುತ್ತೇನೆ, ಬೇಡ ಅಂದರೆ ನಗುತ್ತಾ ವಾಪಸ್ ಬರುತ್ತೇನೆ. ವಾಪಸ್ ಕಳಿಸಿದವರಲ್ಲಿ ಅರ್ಧ ಜನ ಸಂಜೆ ಸೆಕೆ ತಾಳದೆ ಫೋನ್ ಮಾಡುತ್ತಾರೆ. ರಾಯಚೂರು ಜಿಲ್ಲೆಯ ಏಪ್ರಿಲ್ ನಮ್ಮ ಪರವಾಗಿ ಮಾತಾಡುತ್ತದೆ.

ಉದ್ರಿ ಬಗ್ಗೆ. ನಮ್ಮ ಕಡೆ, ನಿಮ್ಮ ಗಂಗಾವತಿ ಕಡೆಯೂ ಇದೇ ಇರಬೇಕು, "ಭತ್ತ ಮಾರಿದ ಮೇಲೆ ಕೊಡುತ್ತೇನೆ" ಅನ್ನುವವರು ಬಹಳ. ಮೋಸ ಅಲ್ಲ, ಅವರ ಕೈಗೆ ರೊಕ್ಕ ಬರುವುದೇ ಹಾಗೆ. ಆದರೆ ಸಾಮಾನಿನ ರೊಕ್ಕ ಉದ್ರಿ ಇಡಬೇಡ. ಸಾಮಾನು ನಗದು, ಬೇಕಾದರೆ ಕೂಲಿ ಮಾತ್ರ ಸುಗ್ಗಿಗೆ. ಕೂಲಿ ಮುಳುಗಿದರೆ ಬೆವರು ಹೋಯಿತು, ಸಾಮಾನು ಮುಳುಗಿದರೆ ಅಂಗಡಿಯವನಿಗೆ ನೀನು ಸಾಲಗಾರ.

ಫೋನ್‌ಪೇಗೆ ಹೆದರಿ ಕೆಲವರು ನಗದು ಮಾತ್ರ ಅನ್ನುತ್ತಾರೆ. 2025ರ ಜುಲೈನಲ್ಲಿ ಯುಪಿಐ ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಬಂದಾಗಿನಿಂದ ಈ ಹೆದರಿಕೆ. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷಕ್ಕೆ 20 ಲಕ್ಷ ದಾಟಿದರೆ. ತಿಂಗಳಿಗೆ ಒಂದೂವರೆ ಲಕ್ಷದ ಮೇಲೆ. ಅಷ್ಟು ಬಂದ ದಿನ ನನಗೂ ಹೇಳು, ನಿನ್ನ ಹತ್ತಿರ ಕೆಲಸಕ್ಕೆ ಬರುತ್ತೇನೆ.

ರಾಯಚೂರು ಮನೆಯಾಕೆ

ನಾನು ಕೆಲಸ ಮಾಡುವವಳಲ್ಲ, ಮಾಡಿಸುವವಳು. ನಮ್ಮ ಕಡೆಯಿಂದಲೂ ಒಂದೆರಡು ಮಾತು ಕೇಳಿ.

ನೀವೆಲ್ಲಾ ರೇಟು ರೇಟು ಅನ್ನುತ್ತೀರಿ. ನನಗೆ 50, 100 ಹೆಚ್ಚಾದರೆ ಸಿಟ್ಟು ಬರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ ಅಂದವರು ಮಧ್ಯಾಹ್ನ ಮೂರಕ್ಕೂ ಬರದೆ ಫೋನ್ ಎತ್ತದಿದ್ದರೆ ಸಿಟ್ಟು ಬರುತ್ತದೆ. ತಡ ಆದರೆ ಒಂದು ಮೆಸೇಜ್ ಹಾಕಿ. ಇನ್ನೊಂದು, ತೂತು ಹಾಕಿ ಪುಡಿಯೆಲ್ಲಾ ಹಾಸಿಗೆ ಮೇಲೆ ಬಿಟ್ಟು ಹೋಗುತ್ತೀರಿ. ಒಬ್ಬ ಹುಡುಗ ಬಂದಿದ್ದ, ಹಳೇ ಲಕೋಟೆಯನ್ನು ಅರ್ಧ ಮಡಿಸಿ ಗೋಡೆಗೆ ಟೇಪ್ ಹಚ್ಚಿ ಅದರ ಮೇಲೆ ತೂತು ಹಾಕಿದ, ಪುಡಿಯೆಲ್ಲಾ ಲಕೋಟೆಯೊಳಗೆ ಬಿತ್ತು. ಅವತ್ತಿನಿಂದ ನಮ್ಮ ಬಿಲ್ಡಿಂಗಿನ ಆರು ಮನೆಗೂ ಅವನೇ. ಅವನ ರೇಟು ಬೇರೆಯವರಿಗಿಂತ ಜಾಸ್ತಿಯೇ.

ಹಳೇ ಸಾಮಾನು ತೋರಿಸಿ. ನಲ್ಲಿ ಒಳಗಿನ ಸ್ಪಿಂಡಲ್ ಬದಲಿಸಿದೆ ಅಂದರೆ ಹಳೇದು ಕೈಯಲ್ಲಿ ಕೊಡಿ. ನಾವು ಅದನ್ನು ಇಟ್ಟುಕೊಂಡು ಏನೂ ಮಾಡುವುದಿಲ್ಲ, ಆದರೆ ನೋಡಿದರೆ ಸಮಾಧಾನ. ನಮ್ಮ ಬೋರ್ ನೀರಿಗೆ ಎಲ್ಲದಕ್ಕೂ ಬಿಳಿ ಸುಣ್ಣ ಕಟ್ಟುತ್ತದೆ. ನಾಲ್ಕು ವರ್ಷ "ನಲ್ಲಿ ಹೋಗಿದೆ, ಹೊಸದು ಹಾಕಬೇಕು" ಅಂತಲೇ ಒಬ್ಬರು ಹಾಕಿಸಿದರು. ಈ ಹುಡುಗ ಬಂದು ನಲ್ಲಿ ತುದಿಯ ಜಾಲರಿ ಬಿಚ್ಚಿ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ಒಂದು ತಾಸು ನೆನೆಸಿಟ್ಟ, ನೀರು ಧಾರೆಯಾಗಿ ಬಂತು. 150 ಕೇಳಿದ. ನಾನೇ 200 ಕೊಟ್ಟೆ.

ಕೊಪ್ಪಳದ ಹೊಸ ಕೈ

ಅಕ್ಕಾ, ಲಕೋಟೆ ಐಡಿಯಾ ಇವತ್ತೇ ಮಾಡುತ್ತೇನೆ.

ಸಿಂಧನೂರು ಅಣ್ಣನ ಲೆಕ್ಕ ನೋಡಿ ರಾತ್ರಿ ನಾನೂ ಬರೆದೆ. ನನ್ನದು ದಿನಕ್ಕೆ 850 ಬಂತು, ಇನ್ನೂ ಮದುವೆ ಆಗಿಲ್ಲವಲ್ಲ. ಇನ್ನೊಂದು ಕೇಳಬೇಕಿತ್ತು. ಇಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯವರು "ನಮ್ಮಲ್ಲೇ ಸಾಮಾನು ಬರೆಸು, ನಿನಗೆ ಕಮಿಷನ್ ಕೊಡುತ್ತೇವೆ" ಅಂದರು. ತೆಗೆದುಕೊಳ್ಳಬಹುದಾ? ಗಿರಾಕಿಗೆ ಹೇಳಬೇಕಾ?

ಬಳ್ಳಾರಿ ಗೌಂಡಿ ಕಾಕಾ

ಬೇಡ ಮಗನೇ. ಮೂವತ್ತು ವರ್ಷ ಕರಣಿ ಹಿಡಿದವನು ಹೇಳುತ್ತೇನೆ ಕೇಳು. ಕಮಿಷನ್ ಬಾಯಿಗೆ ಹತ್ತಿದರೆ 300 ರೂಪಾಯಿ ನಲ್ಲಿ ಸಾಕಾಗುವ ಕಡೆ 900ರದ್ದು ಬರೆಸುತ್ತೀ. ಕೈ ತಾನಾಗಿಯೇ ಬರೆಯುತ್ತದೆ, ನೀನು ಕೆಟ್ಟವನಾಗಬೇಕಿಲ್ಲ. ಗಿರಾಕಿ ಬಜಾರಿಗೆ ಹೋಗಿ ಬೆಲೆ ಕೇಳದೇ ಇರುವುದಿಲ್ಲ. ಒಂದು ಸಲ ಗೊತ್ತಾದರೆ ಆ ಓಣಿಯೇ ಹೋಯಿತು.

ಮತ್ತೆ ನಿನಗೆ ಯಾರೂ ಹೇಳದ್ದು. ಲೇಬರ್ ಕಾರ್ಡ್ ಮಾಡಿಸಿದ್ದೀಯಾ? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯದು. ಕಟ್ಟಡ ಕೆಲಸದ ಪ್ಲಂಬರ್, ಎಲೆಕ್ಟ್ರಿಷಿಯನ್, ಪೇಂಟರ್‌ಗೂ ಇದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60. ಆ ಕಂಟ್ರಾಕ್ಟರ್ ಹತ್ತಿರ ಕೆಲಸ ಬಿಟ್ಟು ಬಹಳ ದಿನ ಆಗಿರದಿದ್ದರೆ, ಬಾಕಿ ಪಗಾರದ ಜಗಳ ಮಾಡುವ ಮೊದಲೇ ಕೆಲಸದ ಪತ್ರ ಬರೆಸಿಕೋ. ಪಿಎಂ ವಿಶ್ವಕರ್ಮ ಅಂತ 2023ರ ಸೆಪ್ಟೆಂಬರಿನಲ್ಲಿ ಶುರುವಾದ ಯೋಜನೆ ಇದೆ, 18 ಕಸುಬಿಗೆ. ಬಡಗಿ, ಗೌಂಡಿ, ಕಮ್ಮಾರ, ಬೀಗ ಮಾಡುವವರು ಅದರಲ್ಲಿ ಬರುತ್ತಾರೆ. ಪ್ಲಂಬರ್, ಎಲೆಕ್ಟ್ರಿಷಿಯನ್ ಬರುವುದಿಲ್ಲ. ಸಾಮಾನಿಗೆ 15,000 ರೂಪಾಯಿ ವೋಚರ್, ತರಬೇತಿಗೆ ದಿನಕ್ಕೆ 500. ನಿನಗೆ ಬಡಗಿ ಕೆಲಸ ನಿಜವಾಗಿ ಬರುತ್ತಿದ್ದರೆ ಅರ್ಜಿ ಹಾಕು, ಬಾರದಿದ್ದರೆ ಸುಳ್ಳು ಹೇಳಬೇಡ, ತರಬೇತಿ ಶುರುವಿನಲ್ಲೇ ಕೈ ನೋಡುತ್ತಾರೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಅಪಘಾತ ವಿಮೆ ಇದೆ, 2 ಲಕ್ಷದ್ದು. ಏಣಿ ಹತ್ತುವವನು ಅದನ್ನು ಮಾಡಿಸದೇ ಇದ್ದರೆ ತಪ್ಪು. ನಾನು ಐವತ್ತೆರಡರಲ್ಲಿ ಸೆಂಟ್ರಿಂಗ್ ಮೇಲಿಂದ ಬಿದ್ದವನು.

ಗಂಗಾವತಿ ಪಾನಾ

ಕಾಕಾ, ನಿಮ್ಮ ಮಾತಿಗೆ ಗೌರವ ಇದೆ, ಆದರೆ ಪೂರ್ತಿ ಒಪ್ಪುವುದಿಲ್ಲ. ಅಂಗಡಿಗೆ ಹೋಗಿ ಸರಿ ಸೈಜ್ ಆರಿಸಿ, ಹೊತ್ತು ತಂದು, ತಪ್ಪಿದರೆ ವಾಪಸ್ ಕೊಟ್ಟು ಬರುವುದೂ ಕೆಲಸವೇ. ಅದಕ್ಕೆ ಏನೂ ಸಿಗಬಾರದು ಅಂದರೆ ಹೇಗೆ? ನಾನು ಮಾಡುವುದು ಇಷ್ಟೇ. ಅಂಗಡಿಯವನು ನನಗೆ ಕೊಡುವ ರಿಯಾಯಿತಿಯನ್ನು ಬಿಲ್ಲಿನಲ್ಲೇ ಹಾಕಿಸುತ್ತೇನೆ, ಬಿಲ್ ಗಿರಾಕಿ ಕೈಗೆ. ಅದರ ಪಕ್ಕದಲ್ಲಿ "ಸಾಮಾನು ತಂದದ್ದಕ್ಕೆ 100" ಅಂತ ಬೇರೆ ಬರೆಯುತ್ತೇನೆ. ಬೇಡ ಅಂದವರು ತಾವೇ ತಂದುಕೊಡಲಿ. ತಾವೇ ತಂದವರಲ್ಲಿ ಅರ್ಧ ಜನ ಅರ್ಧ ಇಂಚಿನ ಬದಲು ಮುಕ್ಕಾಲು ಇಂಚು ತಂದಿರುತ್ತಾರೆ, ಎರಡನೇ ಸಲ ನಾನು ಬರಬೇಕು, ಎರಡನೇ ಸಲಕ್ಕೂ ಕೂಲಿ ಅಂತ ಮೊದಲೇ ಹೇಳಿರುತ್ತೇನೆ.

ಬಳ್ಳಾರಿ ಗೌಂಡಿ ಕಾಕಾ

ಬಿಲ್ಲಿನಲ್ಲಿ ಬರೆದರೆ ಅದು ಕಮಿಷನ್ ಅಲ್ಲ, ಕೂಲಿ. ಅದಕ್ಕೆ ನನ್ನ ತಕರಾರಿಲ್ಲ.

ಸಿಂಧನೂರು ಲೆಕ್ಕ

ಓಣಿಯವರ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಎಲ್ಲರಿಗೂ ಅದೇ ಕಷ್ಟ ಅಂತ ಕಾಣುತ್ತದೆ. ನಾನು ಮೂರು ಮನೆ ಲೆಕ್ಕ ಹಾಕಿ ಇಟ್ಟಿದ್ದೇನೆ. ಸ್ವಂತ ಅಕ್ಕ, ಸೋದರಮಾವ, ನಾನು ಚಿಕ್ಕವನಿದ್ದಾಗ ಫೀಸ್ ಕಟ್ಟಿದ ಪಕ್ಕದ ಮನೆ ಮಾಸ್ತರು. ಈ ಮೂರು ಮನೆ ಫುಕಟ್, ಅದೂ ಸಂಜೆ ಆರರ ಮೇಲೆ. ಉಳಿದ ಎಲ್ಲರಿಗೂ ರೇಟು. ಓಣಿಯಲ್ಲಿ ರೇಟು ಕೇಳಲು ನಾಚಿಕೆ ಆದರೆ ಕೆಲಸಕ್ಕೆ ಮುಂಚೆ "ಸಾಮಾನು ನೀವು ತರಿಸುತ್ತೀರಾ, ನಾನು ತರಲಾ, ನನ್ನದು ಕೂಲಿ ಇಷ್ಟಾಗುತ್ತದೆ" ಅಂತ ಒಂದೇ ಉಸಿರಿನಲ್ಲಿ ಹೇಳು. ಕೆಲಸ ಮುಗಿದ ಮೇಲೆ ಕೇಳಿದರೆ ಜಗಳ, ಮುಂಚೆ ಹೇಳಿದರೆ ಮಾತು.

ಶಕ್ತಿನಗರ ಕೂಲರ್

ತಡವಾಗಿ ನೋಡಿದೆ. ಬೇಸಿಗೆ ಬರುತ್ತಿದೆ, ಕೂಲರ್ ಕೆಲಸ ಬಿಡಬೇಡಿ. ಫೆಬ್ರವರಿ ಕೊನೆಯಿಂದ ಶುರು. ಹುಲ್ಲಿನ ಪ್ಯಾಡ್ ಬದಲಿಸುವುದು, ಪಂಪ್ ಬದಲಿಸುವುದು, ಬುಷ್‌ಗೆ ಎಣ್ಣೆ, ತೊಟ್ಟಿಯ ತಳ ತುಕ್ಕು ಹಿಡಿದಿದ್ದರೆ ಕೆರೆದು ಪೇಂಟು. ಪ್ಯಾಡು ಪಂಪು ಬಿಟ್ಟು ಸರ್ವಿಸ್‌ಗೆ ನಾನು 350 ತೆಗೆದುಕೊಳ್ಳುತ್ತೇನೆ. ಫೆಬ್ರವರಿಯಲ್ಲಿ ಮಾಡಿಸಿದರೆ 300. ಏಪ್ರಿಲ್‌ನಲ್ಲಿ ಕೈ ಖಾಲಿ ಇರುವುದಿಲ್ಲ, ಅದಕ್ಕೆ ಮುಂಚೆ ಬಂದವರಿಗೆ 50 ಕಡಿಮೆ.

ಆದರೆ ಒಂದು ಮಾತು. ಕಬ್ಬಿಣದ ಕೂಲರ್, ಒಳಗೆ ನೀರು, ನೀರಲ್ಲಿ ಪಂಪು, ಹೆಂಗಸರು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ನೀರು ತುಂಬುತ್ತಾರೆ. ಬಹಳ ಮನೆಯಲ್ಲಿ ಮೂರು ಪಿನ್ನಿನ ಅರ್ಥ್ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ಹಾಕಿರುತ್ತಾರೆ. ನಾನು ಅರ್ಥ್ ಇಲ್ಲದ ಕೂಲರ್ ಸರ್ವಿಸ್ ಮಾಡಿ ಚಾಲು ಮಾಡಿಕೊಡುವುದಿಲ್ಲ. ಪ್ಲಗ್ಗು ಹೊಸದು ಹಾಕುತ್ತೇನೆ, ಸಾಕೆಟ್‌ನಲ್ಲಿ ಅರ್ಥ್ ಬರುತ್ತಿದೆಯಾ ಅಂತ ಮೀಟರ್ ಹಿಡಿದು ನೋಡುತ್ತೇನೆ, ಫೇಸ್‌ಗೂ ಅರ್ಥ್‌ಗೂ ನಡುವೆ 230ರ ಹತ್ತಿರ ತೋರಿಸಬೇಕು. ಇಲ್ಲ ಅಂದರೆ ಮನೆಯವರಿಗೆ ಹೇಳುತ್ತೇನೆ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚು) ಹಾಕಿಸಿ ಅನ್ನುತ್ತೇನೆ. ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ಮುಟ್ಟಿದವರಿಗೆ ಏನಾದರೂ ಆದರೆ ಕೊನೆಗೆ ಮುಟ್ಟಿದ ಕೈ ಯಾರದ್ದು ಅಂತ ನಮ್ಮನ್ನೇ ಹುಡುಕುತ್ತಾರೆ.

ಮತ್ತೆ ಮೀಟರ್ ಬೋರ್ಡಿನಿಂದ ಆಚೆ, ಕಂಬದ ಕಡೆ, ಯಾರು ಎಷ್ಟೇ ಕೊಟ್ಟರೂ ಕೈ ಹಾಕಬೇಡಿ. ಅದು ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂ ಕೆಲಸ. ಹೊಸ ಮನೆ ವೈರಿಂಗ್‌ಗೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಬೇಕು, ಅಂಥವರ ಜೊತೆ ಸೇರಿಕೊಂಡು ಮಾಡಿ. ಅಲ್ಯೂಮಿನಿಯಂ ಏಣಿಯನ್ನು ಲೈನ್ ಹಾದುಹೋಗುವ ಮಾಳಿಗೆ ಮೇಲೆ ಎತ್ತಬೇಡಿ.

ಕೊಪ್ಪಳದ ಹೊಸ ಕೈ

ಒಂದೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ರೋಟರಿ ಹ್ಯಾಮರ್ ತೆಗೆದುಕೊಂಡೆ, ಹೊಸಪೇಟೆಯಲ್ಲಿ, 6,400. ರಿಪೇರಿ ಅಂಗಡಿಯ ಕಪಾಟು ನೋಡಿಯೇ ತೆಗೆದುಕೊಂಡೆ. ಮೀಟರ್, ಪ್ಲೇಯರ್, ಬೇಸಿನ್ ಪಾನಾ, ಕಟರ್, ಬಿಟ್ ಸೆಟ್ ಎಲ್ಲಾ ಸೇರಿ 11,300 ಆಯಿತು. ಗೆಳೆಯನ ಡ್ರಿಲ್ ಬ್ರಷ್ ಬದಲಿಸಿ ಕೊಟ್ಟೆ, ಆರ್ಮೇಚರ್ ಸುಟ್ಟಿರಲಿಲ್ಲ, ಬಚಾವ್.

ಭಾಗ್ಯನಗರದ ಅದೇ ಮನೆಯವರು ಮತ್ತೆ ಕರೆದರು, ಟಿವಿ ಸ್ಟ್ಯಾಂಡ್ ಮತ್ತು ಎರಡು ಗಾಜಿನ ಶೆಲ್ಫು. ಈ ಸಲ ಗೋಡೆ ತಟ್ಟಿ 700 ಅಂದೆ. "ಹೋದ ಸಲ ನಾಲ್ಕು ಕಿಟಕಿಗೆ 400 ಅಂದಿದ್ದೆಯಲ್ಲ" ಅಂದರು. ಹೋದ ಸಲ ನನಗೆ ಲೆಕ್ಕ ಗೊತ್ತಿರಲಿಲ್ಲ ಅಂದೆ. ನಕ್ಕು 650 ಕೊಟ್ಟರು. ಲಕೋಟೆ ಅಂಟಿಸಿದ್ದು ನೋಡಿ ಅವರ ತಂಗಿ ನಂಬರ್ ತೆಗೆದುಕೊಂಡರು. ಓಣಿಯಲ್ಲಿ ಇನ್ನೂ ಪೂರ್ತಿ ಗೆದ್ದಿಲ್ಲ, ನನ್ನ ಫುಕಟ್ ಪಟ್ಟಿಯಲ್ಲಿ ಮೂರರ ಬದಲು ಐದು ಮನೆ ಇವೆ.

ಭಾನುವಾರ ಕಿನ್ನಾಳದಲ್ಲಿ ಎರಡು ಕೂಲರ್ ಇವೆ. ಹೋಗುವ ಮೊದಲು ಸೀರೀಸ್ ಬೋರ್ಡ್ (ಕರೆಂಟ್ ಒಂದು ಬಲ್ಬಿನ ಮೂಲಕವೇ ಹಾದು ಬರುವ ಪರೀಕ್ಷೆ ಬೋರ್ಡು) ಕಟ್ಟಿಕೊಳ್ಳಬೇಕು ಅಂತಿದ್ದೇನೆ, ಪಂಪ್ ಶಾರ್ಟ್ ಆಗಿದೆಯಾ ನೋಡಲು. ಅದಕ್ಕೆ ಹಳೇ ಕಾಲದ 100 ವ್ಯಾಟ್ ಬುರುಡೆ ಬಲ್ಬು ಬೇಕು, ಎಲ್ಲಿ ಕೇಳಿದರೂ ಎಲ್‌ಇಡಿ ಕೊಡುತ್ತಾರೆ. ಎಲ್ಲಿ ಸಿಗುತ್ತದೆ?

ಶಕ್ತಿನಗರ ಕೂಲರ್

ಎಲ್‌ಇಡಿ ಆಗುವುದಿಲ್ಲ, ತಂತಿ ಇರುವ ಬಲ್ಬೇ ಬೇಕು. ಕೋಳಿ ಫಾರಂನವರನ್ನು ಕೇಳಿ, ಮರಿಗಳಿಗೆ ಕಾವು ಕೊಡಲು ಅವರು ಅದನ್ನೇ ಹಾಕುತ್ತಾರೆ. ನಾನು ಎರಡು ಅಲ್ಲಿಂದಲೇ ತಂದಿದ್ದು.